ಹಸಿ ಮಡಕೆಯಲ್ಲಿ ಕರೆದ ಮಗ

ಕಾಕತಿಯ ಬಸವಣ್ಣೆವ್ವ ಹೆಚ್ಚು ಮಾತಿನವಳಲ್ಲ. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಜೋಳದ ರೊಟ್ಟಿ ಬಡಿದೇ ಬೆಳೆಸಿದಳು. ಬೆಳಕು ಹರಿಯುವ ಮೊದಲೇ ಒಲೆ ಹಚ್ಚುವಳು, ಹೊತ್ತೇರುವಷ್ಟರಲ್ಲಿ ರೊಟ್ಟಿಯ ಬುಟ್ಟಿಗೆ ಬಿಳಿ ಅರಿವೆ ಕಟ್ಟಿ ಟೆಂಪೋ ಹತ್ತಿ ಬೆಳಗಾವಿಯ ಖಾನಾವಳಿಗಳಿಗೆ ಮುಟ್ಟಿಸಿ ಬರುವಳು. ಮಗಳು ಪೂರ್ಣಿಮಾ ನರ್ಸಿಂಗ್ ಓದಿ ಖಾನಾಪುರದ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯೇ ಕೋಣೆ ಹಿಡಿದಿದ್ದಳು. ಮಗ ವಿನಯ ಅಕ್ಕನಿಗಿಂತ ಚಿಕ್ಕವನು. ಆಟೋ ನಗರದಲ್ಲಿ ಬಸ್ಸಿನ ಬಾಡಿ ಕಟ್ಟುವ ಭರಮಪ್ಪನ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿದ್ದ. ಸಂಜೆ ಬಂದವನೇ ಮೈಮೇಲಿನ ಕಬ್ಬಿಣದ ಪುಡಿ ತೊಳೆದುಕೊಂಡು, ಲಿಂಗಪೂಜೆ ಮಾಡಿಕೊಂಡು, ಅವ್ವನ ಎದುರು ಉಣ್ಣಲು ಕೂಡುವನು. ಅಡಿಕೆಯ ಚೂರು ಕೂಡ ಬಾಯಿಗೆ ಹಾಕಿದ ಹುಡುಗನಲ್ಲ.

ಬೇಸಿಗೆಯ ಒಂದು ದಿನ ಭರಮಪ್ಪ ಅವನಿಗೆ ಒಂದು ಹಳೆಯ ಬಸ್ಸಿನ ಡೀಸೆಲ್ ಟಾಕಿಗೆ ತೇಪೆ ಹಾಕಲು ಹೇಳಿದ. ಟಾಕಿ ತೊಳೆದಿಲ್ಲ, ಒಳಗೆ ಇನ್ನೂ ಹಬೆ ಇದೆ ಎಂದು ವಿನಯ ಹಿಂಜರಿದ. ಗಿರಾಕಿ ಗೇಟಿನಲ್ಲಿಯೇ ನಿಂತಿದ್ದ. ಭರಮಪ್ಪ, "ಏನೂ ಆಗಂಗಿಲ್ಲ, ಹಚ್ಚು" ಎಂದ. ವಿನಯ ಹಚ್ಚಿದ. ಟಾಕಿ ಸಿಡಿಯಿತು.

ಠಾಣೆಯಲ್ಲಿ ಭರಮಪ್ಪ ಬೇರೆಯೇ ಹೇಳಿದ. ಹುಡುಗ ಕುಡಿದು ಬಂದಿದ್ದ, ಬೇಡವೆಂದರೂ ಕೇಳಲಿಲ್ಲ ಎಂದ. ಪಕ್ಕದಲ್ಲಿಯೇ ಕೆಲಸ ಮಾಡುತ್ತಿದ್ದ ಬಾಳೇಶ ಅದಕ್ಕೆ ಹೌದು ಎಂದ. ಬಾಳೇಶ ವಿನಯನ ಗೆಳೆಯ, ಬಸವಣ್ಣೆವ್ವನ ಮನೆಯಲ್ಲಿ ಎಷ್ಟೋ ಸಲ ಉಂಡವನು. ಅವನೇ ಹೇಳಿದ ಮೇಲೆ ಇನ್ನೇನು ಎಂದು ಊರು ನಂಬಿತು.

ಶವವನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು, ಈರಯ್ಯ ಸ್ವಾಮಿಗಳು ಮಣ್ಣು ಮಾಡಿಸಿದರು. ಕುಣಿಯ ಬದಿಗೇ ನಿಂತಿದ್ದ ಹೆಂಗಸರು ಪಿಸುಗುಟ್ಟುತ್ತಿದ್ದುದು ಬಸವಣ್ಣೆವ್ವನಿಗೆ ಕೇಳಿಸುತ್ತಿತ್ತು. ವಿನಯನಿಗೆ ಗೊತ್ತು ಮಾಡಿದ್ದ ಹುಡುಗಿಯ ತಾಯಿಯೂ ಬಂದಿದ್ದಳು. ಆಕೆ ಯಾರಿಗೋ, "ಪುಣ್ಯಾ ನೋಡ್ರಿ, ನಮ್ಮ ಹುಡುಗಿ ಪಾರಾದ್ಲು" ಎಂದಳು. ಬಸವಣ್ಣೆವ್ವನ ಅಳು ಅಲ್ಲಿಗೇ ನಿಂತಿತು. ಆಮೇಲೆ ಅವಳು ಅತ್ತದ್ದನ್ನು ಯಾರೂ ಕಾಣಲಿಲ್ಲ.

ಎರಡು ಸಲ ಠಾಣೆಗೆ ಹೋದಳು. ಕೂಡಿಸಿ ನೀರು ಕೊಟ್ಟು ಕಳಿಸಿದರು. ಭರಮಪ್ಪನ ವರ್ಕ್‌ಶಾಪಿಗೂ ಹೋದಳು. ಆತ ಸಿಟ್ಟಿಗೇಳಲಿಲ್ಲ, ಕುರ್ಚಿ ಹಾಕಿಸಿ ಮೆಲ್ಲಗೆ ಹೇಳಿದ: "ಯಕ್ಕಾ, ಹೋದಾಂವ ಹೋದ. ತಾಯಿ ಕಣ್ಣಿಗೆ ಮಗ ಕುಡಿಯೂದು ಕಾಣಂಗಿಲ್ಲ." ಬಸವಣ್ಣೆವ್ವ ಆತನ ಮುಖವನ್ನು ನೋಡುತ್ತ ಕುಳಿತಳು. ಆ ಮುಖ ಹೇಗೆ ಸುಡಬಹುದು ಎಂದು ಆಕೆಗೆ ಆಗಲೇ ಕಣ್ಣಿಗೆ ಕಟ್ಟಿತು. ತನ್ನೊಳಗೆ ಇಂಥದೊಂದು ಇದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹಗುರವೆನಿಸಿತು.

ಮಗಳನ್ನು ನೋಡಲು ಖಾನಾಪುರಕ್ಕೆ ಹೊರಟಾಗ ರೈಲಿನಲ್ಲಿ ಇಬ್ಬರು ಹೆಂಗಸರು ಗುಂಜಿಯ ಸುಲಭಾಬಾಯಿಯ ವಿಷಯ ಆಡುತ್ತಿದ್ದರು. ಆಕೆ ಸತ್ತವರನ್ನು ಕರೆಯುತ್ತಾಳೆ, ಆದರೆ ಈಗ ಬಿಟ್ಟಿದ್ದಾಳೆ, ಯಾರು ಹೋದರೂ ಬೈದು ಕಳಿಸುತ್ತಾಳೆ ಎಂದರು. ಖಾನಾಪುರ ಬಂದಾಗ ಬಸವಣ್ಣೆವ್ವ ಇಳಿಯಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಅವಳಿಗಾಗಿ ನಿಂತಿದ್ದ ಪೂರ್ಣಿಮಾಳನ್ನು ಕಿಟಕಿಯಿಂದ ಕಂಡರೂ ಇಳಿಯಲಿಲ್ಲ. ಗಾಡಿ ಮುಂದೆ ಹೋಯಿತು.

ಗುಂಜಿ ಸ್ಟೇಶನ್ನಿನ ಆಚೆ, ಅಡವಿ ಶುರುವಾಗುವ ಕಡೆ ಸುಲಭಾಬಾಯಿಯ ಮನೆ. ಮುದುಕಿ ಅಂಗಳದಲ್ಲಿ ಹಲಸಿನ ಬೀಜ ಒಣಹಾಕುತ್ತಿದ್ದಳು. ಮನೆಮಾತು ಮರಾಠಿ, ಆದರೆ ಕನ್ನಡವೂ ಸಲೀಸು.

"ಬರ್ರಿ, ಕುಂದರ್ರಿ" ಎಂದು ಹೇಳಿ, ಬಂದ ಕಾರಣ ಕೇಳಿದವಳೇ ತಲೆ ಅಲ್ಲಾಡಿಸಿದಳು. "ಅದನ್ನ ಬಿಟ್ಟೇನಿ. ಚಾ ಕುಡದು ಹೋಗ್ರಿ."

"ಚಾ ಬ್ಯಾಡ್ರಿ. ನನ್ನ ಮಗ ಕುಡದು ಸತ್ತ ಅಂತಾರ. ಅವ ಎದ್ದು ಬಂದು ಹೇಳಬೇಕು."

"ಸತ್ತವರಿಗೆ ಸ್ವಂತದ್ದು ಏನೂ ಇರಂಗಿಲ್ಲ ತಾಯಿ. ಬದುಕಿದವರ ಪಾಲು ತಿಂದು ನಿಲ್ತಾರ. ನಿಮಗ ಮತ್ತ್ಯಾರು ಅದಾರ?"

"ಮಗಳು ಅದಾಳ."

"ಹಂಗಾರ ಅಕಿ ಪಾಲು ಹೋಗತೈತಿ. ಅಕಿಗೆ ಏನೂ ಆಗಂಗಿಲ್ಲ, ಗಟ್ಟಿಮುಟ್ಟಾಗಿರ್ತಾಳ. ನಿಮ್ಮೊಳಗಿಂದ ಹೋಗತಾಳ. ಅವ ಒಮ್ಮೆ ಬಂದ್ರ ಒಂದಿಷ್ಟು, ಇನ್ನೊಮ್ಮೆ ಬಂದ್ರ ಇನ್ನೊಂದಿಷ್ಟು. ಹೋದದ್ದು ತಿರುಗಿ ಬರಂಗಿಲ್ಲ."

ಅಷ್ಟರಲ್ಲಿ ಒಬ್ಬ ಗಂಡಸು ಬೈಕ್ ಮೇಲೆ ಬಂದು ಅಕ್ಕಿಯ ಚೀಲ ಇಳಿಸಿದ. "ಆಯೀ" ಎಂದು ಕರೆದ. ಸುಲಭಾಬಾಯಿ ಅಂಗಡಿಯವನಿಗೆ ತೋರಿಸುವಂತೆ ಒಳಗಿಡಲು ಕೈ ತೋರಿಸಿದಳು. ಆತ ಇಟ್ಟು, ಸ್ವಲ್ಪ ಹೊತ್ತು ನಿಂತು, ಹೊರಟುಹೋದ.

"ಯಾರ್ರಿ ಅವ್ರು?" ಬಸವಣ್ಣೆವ್ವ ಕೇಳಿದಳು.

"ನನ್ನ ಮಗ ಅಂತ ಹೇಳತಾನ. ಒಳ್ಳೆ ಮನಶಾ." ಮುದುಕಿ ಬೀಜಗಳನ್ನು ಹರಡುತ್ತಲೇ ಇದ್ದಳು. "ನಾ ಗಂಡನ್ನ ಕರದಿದ್ದೆ. ನೋಡಿದ್ರಲ್ಲ, ಇನ್ನ ಹೋಗ್ರಿ."

ಬಸವಣ್ಣೆವ್ವ ಹೋಗಲಿಲ್ಲ. ಮರುದಿನವೂ ಅಂಗಳದಲ್ಲಿಯೇ ಕುಳಿತಿದ್ದಳು. ಫೋನ್ ಗುಂಯ್‌ಗುಟ್ಟಿದರೂ ಎತ್ತಲಿಲ್ಲ. ಕೊನೆಗೆ ಸುಲಭಾಬಾಯಿ ಸೋತು ಹೇಳಿಕೊಟ್ಟಳು. ಕುಣಿಯ ಮಣ್ಣು ತರಬೇಕು. ತನ್ನ ಕೈಯಿಂದಲೇ ಒಂದು ಸಣ್ಣ ಮಡಕೆ ಮಾಡಬೇಕು, ಸುಡಬಾರದು, ಹಸಿಯಾಗಿಯೇ ಇರಬೇಕು. ನಡುಮಧ್ಯಾಹ್ನ ನೆರಳು ಕಾಲಡಿಗೆ ಸೇರುತ್ತದೆ. ಆಗ ಸತ್ತವರಿಗೂ ಬದುಕಿದವರಿಗೂ ಗುರುತು ಹತ್ತುವುದಿಲ್ಲ. ಆ ಹೊತ್ತಿಗೆ ಮಡಕೆಯೊಳಗೆ ಉಸಿರು ಊದಿ, ಯಾರ ಮೇಲೆ ಕಳಿಸಬೇಕೋ ಅವರ ಹೆಸರು ಹೇಳಬೇಕು.

"ಕೆಲಸ ಆದ ಕೂಡಲೆ ಹರಿಯೂ ನೀರಾಗ ಕರಗಿಸ್ರಿ" ಎಂದಳು ಮುದುಕಿ. "ಆಶೆ ಮಾಡಬ್ಯಾಡ್ರಿ. ನನ್ನ ಆಶೆನ ನನ್ನ ತಿಂತು."

ಕಾಕತಿಯ ರುದ್ರಭೂಮಿಯಲ್ಲಿ ಮಣ್ಣು ತೆಗೆಯುವಾಗ ಈರಯ್ಯ ಸ್ವಾಮಿಗಳು ಕಂಡರು. ದೂರದಿಂದಲೇ ಅವರಿಗೆ ತಿಳಿಯಿತು.

"ಅವ ಲಿಂಗದೊಳಗ ಬೆರತಾನವಾ. ಕುಣಿ ಕೆದರಬ್ಯಾಡ. ನಮ್ಮೊಳಗ ಸತ್ತವರು ತಿರುಗಾಡಂಗಿಲ್ಲ."

"ಅವ ಬೆರತಾನ್ರಿ ಅಯ್ಯನವರ. ಅವನ ಹೆಸರು ಇನ್ನೂ ಬೀದ್ಯಾಗ ಬಿದ್ದೈತಿ" ಎಂದಳು ಬಸವಣ್ಣೆವ್ವ. ಮಣ್ಣನ್ನು ಸೆರಗಿಗೆ ಕಟ್ಟಿಕೊಂಡು ಅವರ ಪಕ್ಕದಿಂದಲೇ ನಡೆದಳು. ಅಯ್ಯನವರು ತಡೆಯಲಿಲ್ಲ.

ಮೊದಲ ಹೆಸರು ಬಾಳೇಶನದು. ಹಸಿ ಮಡಕೆಯನ್ನು ರೊಟ್ಟಿಯ ಬುಟ್ಟಿಯಲ್ಲಿಟ್ಟು, ಮೇಲೆ ಅರಿವೆ ಮುಚ್ಚಿ, ಆಟೋ ನಗರಕ್ಕೆ ಹೋಗಿ ವರ್ಕ್‌ಶಾಪಿನ ಎದುರಿನ ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತಳು. ರೊಟ್ಟಿಯ ಮುದುಕಿ ದಣಿವಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ಯಾರೂ ಅವಳತ್ತ ತಿರುಗಿ ನೋಡಲಿಲ್ಲ. ಊಟದ ಹೊತ್ತಿಗೆ ಮಷೀನುಗಳು ನಿಂತವು. ಅರಿವೆಯ ಅಡಿಯಲ್ಲಿ ಬಾಯಿಟ್ಟು ಊದಿದಳು, ಹೆಸರು ಹೇಳಿದಳು.

ಬಾಳೇಶ ಅರ್ಧ ಕಟ್ಟಿದ ಬಸ್ಸಿನೊಳಗೆ ಡಬ್ಬಿ ಬಿಚ್ಚಿ ಕುಳಿತಿದ್ದ. ಎದುರಿಗೆ ವಿನಯ ಕುಳಿತಿದ್ದ. ಮಣ್ಣಿನಲ್ಲಿ ಕೂಡಿಸಿದ ಹಾಗೆಯೇ ಕಾಲು ಮಡಚಿಕೊಂಡು ಕುಳಿತಿದ್ದ. ಹಣೆಯ ಮೇಲೆ ವಿಭೂತಿ ಇತ್ತು, ಎಡಗೈ ಬಿಚ್ಚಿತ್ತು, ಅದರಲ್ಲಿ ಲಿಂಗವಿರಲಿಲ್ಲ. ಗಾಜು ಕೂಡಿಸದ ಕಿಟಕಿಯಿಂದ ಬಸವಣ್ಣೆವ್ವನಿಗೆ ಮಗನ ಬೆನ್ನು, ಕುತ್ತಿಗೆ, ಸುಟ್ಟ ಕಿವಿ ಕಾಣುತ್ತಿದ್ದವು. ಎದ್ದು ಓಡಿಹೋಗಿ ಮುಟ್ಟಬೇಕೆನಿಸಿತು. ಆದರೆ ಅವನು ಅವಳ ಕಡೆ ತಿರುಗಲೇ ಇಲ್ಲ.

"ನಾ ಕುಡದಿದ್ನೇನು ಬಾಳ್ಯಾ?" ಎಂದು ಕೇಳಿದ. ಮುಖವನ್ನು ಬಾಳೇಶನ ಮುಖದ ಹತ್ತಿರ ತಂದ. "ಬಾಯಿ ವಾಸನಿ ನೋಡು."

ಬಾಳೇಶ ಡಬ್ಬಿ ಒದ್ದು ಹೊರಗೆ ಬಿದ್ದ. ಉಳಿದವರಿಗೆ ಬಸ್ಸಿನೊಳಗೆ ಏನೂ ಕಾಣಲಿಲ್ಲ, ಹಸಿ ಮಣ್ಣಿನ ವಾಸನೆ ಮಾತ್ರ ಬಂತು. ಅಂದಿನಿಂದ ಬಾಳೇಶನಿಗೆ ಅನ್ನ ಮಣ್ಣಾಯಿತು, ನೀರು ಮಣ್ಣಾಯಿತು. ಬಸವಣ್ಣೆವ್ವ ಮತ್ತೆ ಮತ್ತೆ ಹೋಗಿ ಊದಿದಳು. ಸೊರಗಿ ಕಡ್ಡಿಯಾದ ಬಾಳೇಶ ಒಂದು ದಿನ ತಾನೇ ಠಾಣೆಗೆ ಹೋಗಿ, ವಿನಯ ಕುಡಿದಿರಲಿಲ್ಲ, ಭರಮಪ್ಪ ಹೇಳಿಸಿದ್ದನ್ನು ಹೇಳಿದೆ ಎಂದು ಬರೆದುಕೊಟ್ಟ. ಅಲ್ಲಿಂದ ಬಸವಣ್ಣೆವ್ವನ ಮನೆಗೆ ಬಂದು ಹೊಸ್ತಿಲ ಹೊರಗೆ ಬಿದ್ದ.

"ಯವ್ವಾ, ಅವನ್ನ ಕರಕೋ. ನಂದು ತಪ್ಪಾತು."

"ಇಲ್ಲಿ ಉಂಡ ಬಾಯಿ ಅದು" ಎಂದಳು ಬಸವಣ್ಣೆವ್ವ. ಬಾಗಿಲು ಹಾಕಿಕೊಂಡಳು. ಅವನು ಎದ್ದು ಹೋಗುವವರೆಗೂ ಒಳಗೆ ನಿಂತು ಅವನ ಅಳುವನ್ನು ಕೇಳಿದಳು. ಅಷ್ಟು ದಿನಗಳ ಮೇಲೆ ಅಂದು ಊಟ ರುಚಿಸಿತು.

ಅಂದೇ ಪೂರ್ಣಿಮಾ ಫೋನ್ ಮಾಡಿದಳು. "ಅವ್ವಾ, ಬಾಳ್ಯಾ ಒಪ್ಪಿಕೊಂಡನಂತ, ಖರೇ ಏನು?" ಬಸವಣ್ಣೆವ್ವ, "ಯಾರು ಮಾತಾಡೂದು?" ಎಂದಳು. ಲೈನು ಸರಿಯಿಲ್ಲ ಎಂದು ಪೂರ್ಣಿಮಾ ಹೆಸರು ಹೇಳಿದಳು. ಆಗ ಬಸವಣ್ಣೆವ್ವನಿಗೆ ತಿಳಿಯಿತು, ಇದು ಮಗಳು. ಆದರೆ ಖಾನಾಪುರದಲ್ಲಿ ಕಚೇರಿ ಇದೆ, ಬಸ್ ಸ್ಟ್ಯಾಂಡ್ ಇದೆ ಎಂದು ತಿಳಿದಿರುವಂತೆ ತಿಳಿಯಿತು, ಅಷ್ಟೇ. ಪೂರ್ಣಿಮಾ ತನಗೆ ಸೀತಾಳೆ ಸಿಡುಬು ಎದ್ದಾಗ ಅವ್ವ ಬೇವಿನ ಸೊಪ್ಪಿನಲ್ಲಿ ಬೀಸುತ್ತ ಕುಳಿತದ್ದನ್ನು ನೆನೆಸಿ ಏನೋ ಹೇಳುತ್ತಿದ್ದಳು. ಬಸವಣ್ಣೆವ್ವ ನೆನಪು ಹುಡುಕಿದಳು. ವಿನಯನ ಸಿಡುಬು ನೆನಪಿಗೆ ಬಂತು. ಅವನ ಪಕ್ಕ ಇನ್ನೊಂದು ಹಾಸಿಗೆ ಇತ್ತು, ಅದು ಖಾಲಿ ಇತ್ತು.

ಹೆದರಿಕೆಯಾಯಿತು. ಆದರೆ ಭರಮಪ್ಪ ಇನ್ನೂ ಎದೆಯುಬ್ಬಿಸಿ ತಿರುಗುತ್ತಿದ್ದ. ಬಾಳೇಶನಿಗೆ ತಲೆ ಕೆಟ್ಟಿದೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದ. ಬಸವಣ್ಣೆವ್ವ ಮಡಕೆಗೆ ನೀರು ಚಿಮುಕಿಸಿ ಹಸಿ ಆರದಂತೆ ನೋಡಿಕೊಂಡಳು.

ಭರಮಪ್ಪ ಹೆದರುವ ಕುಳವಲ್ಲ. ಮೊದಲ ಸಲ ಆಫೀಸಿನ ಕುರ್ಚಿಯಲ್ಲಿ ವಿನಯ ಕುಳಿತಿದ್ದನ್ನು ಕಂಡು ಬೆವರಿದ, ಆದರೂ ಯಾರಿಗೂ ಹೇಳಲಿಲ್ಲ. ಎರಡನೆಯ ಸಲ ಕಾರಿನಲ್ಲಿ ಪಕ್ಕದಲ್ಲಿಯೇ ಕುಳಿತಿದ್ದ. ಮೂರನೆಯ ಸಲ ಮನೆಯಲ್ಲಿ, ಭರಮಪ್ಪನ ಸ್ವಂತ ಮಗ ಕೂಡುವ ತಾಟಿನ ಮುಂದೆ. "ಬಾಯಿ ವಾಸನಿ ನೋಡ್ರಿ ಧಣಿ" ಎಂದು ವಿನಯ ಮರ್ಯಾದೆಯಿಂದಲೇ ಕೇಳುತ್ತಿದ್ದ. ಕೊನೆಗೆ ಭರಮಪ್ಪ ನಡುಮಧ್ಯಾಹ್ನ ವರ್ಕ್‌ಶಾಪಿನ ಅಂಗಳಕ್ಕೆ ಬಂದು, ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ನೋಡುತ್ತಿರುವಾಗ, ಎರಡು ಕೈಯಿಂದ ಬಾಯಿ ಬಡಿದುಕೊಂಡ.

"ಅವ ಕುಡದಿರಲಿಲ್ಲ. ನಾ ಹಚ್ಚು ಅಂದೆ. ತೊಳೀಲಾರದ ಟಾಕಿಗೆ ನಾನ ಹಚ್ಚು ಅಂದೆ."

ಕಾಕತಿಗೆ ಆ ಸುದ್ದಿ ಬಸವಣ್ಣೆವ್ವ ಮನೆಗೆ ಬರುವ ಮೊದಲೇ ಮುಟ್ಟಿತ್ತು. ಗೊತ್ತು ಮಾಡಿದ್ದ ಹುಡುಗಿಯ ತಾಯಿ ಬಂದು ಕೈ ಹಿಡಿದುಕೊಂಡು ಅತ್ತಳು. ಠಾಣೆಯಿಂದಲೂ ಕರೆ ಬಂತು, ಕೇಸನ್ನು ಮತ್ತೆ ತೆಗೆಯುತ್ತೇವೆ ಎಂದರು. ಮಗನ ಹೆಸರು ತೊಳೆದುಹೋಗಿತ್ತು. ಕೇಳಿದ್ದೆಲ್ಲ ಆಗಿತ್ತು.

ಮರುದಿನ ಪೂರ್ಣಿಮಾ ರಜೆ ಹಾಕಿ ಬಂದಳು. ಬಾಗಿಲಲ್ಲಿ ನಿಂತ ಹೆಣ್ಣುಮಗಳನ್ನು ಬಸವಣ್ಣೆವ್ವ ನೋಡಿದಳು. ಎಣ್ಣೆಗಪ್ಪು ಮುಖ, ಗಲ್ಲದ ಮೇಲೆ ಮಚ್ಚೆ. ಗೋಡೆಯ ಮೇಲಿನ ಫೋಟೋದಲ್ಲಿ ವಿನಯನ ಪಕ್ಕದಲ್ಲಿ ಇದೇ ಮಚ್ಚೆಯವಳು ಇದ್ದಾಳೆ, ಆದ್ದರಿಂದ ಇವಳು ಪೂರ್ಣಿಮಾ ಎಂದು ಲೆಕ್ಕ ಹಾಕಿದಳು. ಆಮೇಲೆ "ಬಾ" ಎಂದಳು. ಆ ತಡವನ್ನು ಪೂರ್ಣಿಮಾ ಗಮನಿಸಿದಳು. ಗುಂಜಿಯ ಮುದುಕಿಯ ಬಗ್ಗೆ ದವಾಖಾನೆಗೆ ಬರುವವರ ಬಾಯಲ್ಲಿ ಕೇಳಿದ್ದಳು. ಒಳಗೆ ಹೋಗಿ ರೊಟ್ಟಿಯ ಬುಟ್ಟಿಯ ಅರಿವೆ ಎತ್ತಿದಳು.

"ಅವ್ವಾ, ಸಾಕು ಮಾಡು. ಇವತ್ತ ಕರಗಿಸೂಣು."

"ಇನ್ನೊಮ್ಮಿ ಐತಿ."

"ಒಪ್ಪಿಕೊಂಡಾನಲ್ಲ. ಇನ್ನೇನು ಬೇಕು ನಿನಗ?"

"ಬಾಯಿಲೆ ಒಪ್ಪಿಕೊಂಡಾನ. ನನ್ನ ಮಗ ಬಾಯಿಲೆ ಸತ್ತಾನೇನು?"

ಪೂರ್ಣಿಮಾ ಅವ್ವನ ಕಾಲು ಹಿಡಿದುಕೊಂಡಳು. "ನಾ ಇದ್ದೇನಲ್ಲ ಅವ್ವಾ. ನಾನೂ ನಿನ್ನ ಮಗಳ ಅಲ್ಲೇನು? ನನ್ನ ಮುಖ ನೋಡಿ ಬಿಡು."

ಬಸವಣ್ಣೆವ್ವ ಆ ಮುಖ ನೋಡಿದಳು. ಏನಾದರೂ ಎದ್ದು ಬರುತ್ತದೇನೋ ಎಂದು ನಿಜವಾಗಿಯೂ ಕಾದಳು. ಒಂದು ಎಳೆ ಉಳಿದಿತ್ತು. ಮಳೆಗಾಲದಲ್ಲಿ ಯಾವುದೋ ಸಾಲೆಯ ಬಾಗಿಲಲ್ಲಿ ಒಂದು ಹುಡುಗಿ ತನ್ನ ಸೆರಗಿನೊಳಗೆ ತಲೆ ಹುದುಗಿಸಿ ನಿಂತಿದ್ದಳು, ತಲೆಗೂದಲಿಂದ ನೀರು ಸೋರುತ್ತಿತ್ತು, ಆ ತಲೆಯ ಬಿಸಿ ಹೊಟ್ಟೆಗೆ ತಾಗುತ್ತಿತ್ತು. ಅಷ್ಟೇ ಉಳಿದಿತ್ತು. ಅದನ್ನು ಕೊಟ್ಟರೆ ಇನ್ನೇನೂ ಇಲ್ಲ ಎಂದು ಅವಳಿಗೆ ಚೆನ್ನಾಗಿ ತಿಳಿದಿತ್ತು. ಇನ್ನೊಂದು ಕಡೆ ಭರಮಪ್ಪ ಕುರ್ಚಿ ಹಾಕಿಸಿ ಮೆಲ್ಲಗೆ ಮಾತಾಡಿದ್ದ ಮುಖ ಇತ್ತು. ಎರಡನ್ನೂ ತೂಗಿ ನೋಡಿದಳು. ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು, ಮಗಳ ಕೈ ಬಿಡಿಸಿಕೊಂಡು, ಟೆಂಪೋ ಹತ್ತಿದಳು. ಪೂರ್ಣಿಮಾ ಹಿಂದೆಯೇ ಓಡಿ ಬಂದು ಅದೇ ಟೆಂಪೋ ಹತ್ತಿದಳು. ಮುಟ್ಟಿದಾಗ ನೆರಳು ಕಾಲಡಿಗೆ ಸೇರಿತ್ತು.

ವರ್ಕ್‌ಶಾಪ್ ಮುಚ್ಚಿತ್ತು. ಕೆಲಸದವರು ಬಿಟ್ಟುಹೋಗಿದ್ದರು. ಭರಮಪ್ಪ ಒಬ್ಬನೇ ಅಂಗಳದಲ್ಲಿ ಒಂದು ಟಾಕಿಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಗೇಟಿನ ಸರಳುಗಳ ನಡುವೆ ಬಸವಣ್ಣೆವ್ವ ಅವನನ್ನು ಕಂಡಳು. ಪೂರ್ಣಿಮಾ ಮಡಕೆಗೆ ಕೈ ಹಾಕುವಷ್ಟರಲ್ಲಿ ಊದಿ ಹೆಸರು ಹೇಳಿಯಾಗಿತ್ತು.

ವಿನಯ ಈ ಸಲ ಬಾಯಿಯ ವಾಸನೆಯ ಮಾತು ಎತ್ತಲಿಲ್ಲ. ಭರಮಪ್ಪನ ಎದುರು ಕಾಲು ಮಡಚಿ ಕುಳಿತು, ಟಾಕಿಯ ಕಡೆ ಕೈ ಮಾಡಿ, "ಏನೂ ಆಗಂಗಿಲ್ಲ, ಹಚ್ರಿ" ಎಂದ.

ಭರಮಪ್ಪ ನಿದ್ದೆಗಣ್ಣಿನವನಂತೆ ಎದ್ದ. ಮಷೀನಿನ ಗುಂಡಿ ಒತ್ತಿದ, ಹೋಲ್ಡರ್ ಕೈಗೆ ತೆಗೆದುಕೊಂಡ. ಪೂರ್ಣಿಮಾ ಗೇಟು ಅಲುಗಾಡಿಸಿ ಕೂಗಿದಳು. ಅವನು ಒಮ್ಮೆ ತಲೆ ಎತ್ತಿ ಗೇಟಿನ ಕಡೆ ನೋಡಿದ. ರೊಟ್ಟಿಯ ಬುಟ್ಟಿ ಹಿಡಿದವಳನ್ನು ಗುರುತಿಸಿದ. ಅವನು ತನ್ನನ್ನು ಕಂಡೇ ಸಾಯಲಿ ಎಂದು ಬಸವಣ್ಣೆವ್ವ ಸೆರಗು ಸರಿಸಿ ಮುಖ ತೋರಿಸಿದಳು. ಆಮೇಲೆ ಟಾಕಿ ಸಿಡಿದ ಶಬ್ದಕ್ಕೆ ಇಡೀ ಓಣಿಯ ತಗಡುಗಳು ನಡುಗಿದವು. ಭರಮಪ್ಪ ದವಾಖಾನೆಯಲ್ಲಿ ಇನ್ನೂ ಸ್ವಲ್ಪ ಕಾಲ ಜೀವ ಹಿಡಿದಿದ್ದ. ಅದೂ ಬಸವಣ್ಣೆವ್ವನಿಗೆ ಸಮಾಧಾನವೇ ಕೊಟ್ಟಿತು.

ಮಡಕೆ ಕರಗಿಸಲು ಪೂರ್ಣಿಮಾಳೇ ಅವಳನ್ನು ಖಾನಾಪುರಕ್ಕೆ ಕರೆದೊಯ್ದು ಮಲಪ್ರಭೆಯ ದಂಡೆಗೆ ಇಳಿಸಿದಳು. ಮಡಕೆಯ ಅಂಚು ನೀರಿಗೆ ತಾಗಿದಾಗ ವಿನಯ ಕಾಣಿಸಿಕೊಂಡ. ಮೊಣಕಾಲುದ್ದದ ನೀರಿನಲ್ಲಿ ಕುಳಿತಿದ್ದ, ಮೈ ಒದ್ದೆಯಾಗಿರಲಿಲ್ಲ. ಬಸವಣ್ಣೆವ್ವ, "ಅಪ್ಪಾ ವಿನಯಾ, ಒಮ್ಮೆ ಈ ಕಡೆ ನೋಡೋ" ಎಂದಳು. ಕರೆದಂದಿನಿಂದ ಅವಳು ಕೇಳುತ್ತಿದ್ದುದು ಅದೊಂದೇ. ಸಿಟ್ಟಿಗೆ ಕರೆದಿದ್ದಳು, ಸಿಟ್ಟಿಗಷ್ಟೇ ಬಂದಿದ್ದ. ಅವಳನ್ನು ದಾಟಿ ಅವನ ಕಣ್ಣು ದಂಡೆಯ ಮೇಲೆ ನಿಂತವಳ ಮೇಲೆ ಹೋಯಿತು.

"ಅಕ್ಕಾ" ಎಂದ. "ಕೈಯಾಗ ಲಿಂಗ ಇಲ್ಲ. ಎಲ್ಲಿ ಹೋಗ್ಲಿ?"

ಪೂರ್ಣಿಮಾ ನೀರಿಗೆ ಇಳಿದು, ತನ್ನ ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿ ತಮ್ಮನ ಎಡಗೈಯಲ್ಲಿ ಇಟ್ಟಳು. ಬೆರಳುಗಳು ಮುಚ್ಚಿದವು. ಮಡಕೆ ಕರಗಿ ಕೆಂಪು ನೀರಾಗಿ ಹರಿಯಿತು, ಅವನೂ ಹೋದ.

ಪೂರ್ಣಿಮಾ ಅಳುತ್ತ ದಂಡೆಗೆ ಬಂದು ಕುಳಿತಳು. ಬಸವಣ್ಣೆವ್ವ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಯಾರೋ ಒಳ್ಳೆಯ ಮನೆತನದ ಹೆಣ್ಣುಮಗಳು, ತನ್ನ ಮಗನಿಗಾಗಿ ಕೊರಳಿನ ಲಿಂಗ ಕೊಟ್ಟವಳು. ಸೆರಗಿನಿಂದ ಅವಳ ತಲೆ ಒರೆಸಿ ಕೇಳಿದಳು:

"ಅಳಬ್ಯಾಡ್ರಿ. ಅವ ನಿಮಗ ಏನು ಆಗಬೇಕಾಗಿತ್ರಿ?"

ಈಗ ಬಸವಣ್ಣೆವ್ವ ಖಾನಾಪುರದಲ್ಲಿ ಪೂರ್ಣಿಮಾಳ ಕೋಣೆಯಲ್ಲಿಯೇ ಇದ್ದಾಳೆ. ನರ್ಸಬಾಯಿ ಕರುಣೆಯಿಂದ ಇಟ್ಟುಕೊಂಡಿದ್ದಾಳೆ ಎಂದು ತಿಳಿದು, ಅದರ ಋಣ ಉಳಿಯಬಾರದೆಂದು ಮೂರು ಹೊತ್ತು ರೊಟ್ಟಿ ಬಡಿಯುತ್ತಾಳೆ. ಮೈ ಗಟ್ಟಿಯಾಗಿದೆ. ಬಾಳೇಶ ಊರು ಬಿಟ್ಟ ಸುದ್ದಿ ಕೇಳಿ ನಕ್ಕಳು. ವಿನಯನ ಬಗ್ಗೆ, ಭರಮಪ್ಪನ ಬಗ್ಗೆ ಕೇಳಿದವರಿಗೆಲ್ಲ ಹೇಳುತ್ತಾಳೆ, ಒಂದೂ ಮರೆಯದೆ. ಪೂರ್ಣಿಮಾ ಡ್ಯೂಟಿ ಮುಗಿಸಿ ಬಂದು, ಎದುರು ಕುಳಿತು ಕೇಳುತ್ತಾಳೆ. ತಾನು ಯಾರೆಂದು ಹೇಳುವುದನ್ನು ಬಿಟ್ಟಿದ್ದಾಳೆ. ಹೇಳಿದಾಗಲೆಲ್ಲ ಬಸವಣ್ಣೆವ್ವ ನಾಚಿಕೆಯಿಂದ, "ಇರಬಹುದ್ರಿ" ಎನ್ನುತ್ತಿದ್ದಳು. ಅದನ್ನು ಕೇಳುವುದು ಪೂರ್ಣಿಮಾಳಿಗೆ ಆಗುತ್ತಿರಲಿಲ್ಲ.

ಮೊನ್ನೆ ಒಂದು ಸಂಜೆ ಮಾತ್ರ ಕೇಳಿಬಿಟ್ಟಳು.

"ನಿಮಗ ಒಬ್ಬಾಕಿ ಮಗಳಿದ್ಲಂತಲ್ಲ."

"ಇದ್ಲಂತ್ರಿ. ಸುಲಭಾಬಾಯಿ ಮೊದಲ ಹೇಳಿದ್ರು, ಅಕಿ ಹೋಗತಾಳಂತ."

"ತಿಳದು ಕೊಟ್ರ್ಯಾ?"

"ತಿಳದ ಕೊಟ್ಟೆ."

"ಇನ್ನೊಮ್ಮೆ ಆದ್ರ? ಅಕಿ ನಿಮ್ಮ ಮುಂದ ಕುಂತು ಬ್ಯಾಡ ಅಂದ್ರ?"

ಬಸವಣ್ಣೆವ್ವ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ರೊಟ್ಟಿ ಬಡಿಯುವ ಕೊಣಮಿಗೆಗೆ ಇಳಿಸಿ ಯೋಚಿಸಿದಳು. ಸುಳ್ಳು ಹೇಳುವುದು ಅವಳಿಗೆ ಮೊದಲಿನಿಂದಲೂ ಬಾರದು.

"ಭರಮಪ್ಪನ್ನ ಬಿಡತಿರಲಿಲ್ಲರಿ" ಎಂದಳು.

ಪೂರ್ಣಿಮಾ ತಲೆಯಾಡಿಸಿದಳು. ಹಂಚಿನ ಮೇಲಿನ ರೊಟ್ಟಿ ಉಬ್ಬಿತ್ತು. ಬಸವಣ್ಣೆವ್ವ ಅದನ್ನು ಎತ್ತಿ ಅವಳ ತಾಟಿಗೆ ಹಾಕಿ, ಪಕ್ಕದಲ್ಲಿ ಬೆಣ್ಣೆ ಇಟ್ಟಳು. "ಉಣ್ರಿ, ಆರತೈತಿ" ಎಂದಳು. ಪೂರ್ಣಿಮಾ ಮುರಿದು ಬಾಯಿಗೆ ಇಟ್ಟುಕೊಂಡಳು.